ಮುಂದಿನ ಚಕ್ರದವನು, ಹಿಂದಿನ ಬ್ರೇಕು

ನನ್ನ ಕೈ ನೋಡಿದವರು ಯಾರೂ ಊಟಕ್ಕೆ ಕರೆಯುವುದಿಲ್ಲ. ಸೋಪು ಹಾಕಿ, ಬೂದಿ ಹಾಕಿ, ಕಲ್ಲಿಗೆ ತಿಕ್ಕಿ ನೋಡಿದ್ದೇನೆ. ಸೀಮೆಎಣ್ಣೆಯ ವಾಸನೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಗ್ಯಾರೇಜಿನಲ್ಲಿ ಬಿಚ್ಚಿದ ಸಾಮಾನುಗಳನ್ನೆಲ್ಲ ಅಗಲದ ತಗಡಿನ ತಟ್ಟೆಯಲ್ಲಿ ಹಾಕಿ ತೊಳೆಯುವುದು ನನ್ನ ಕೆಲಸ. ಕೂರುವುದಕ್ಕೆ ಹಳೆಯ ಟೈರು, ಒರಗುವುದಕ್ಕೆ ತಗಡಿನ ಗೋಡೆ. ಮಧ್ಯಾಹ್ನ ಗೋಡೆ ಕಾದಾಗ ಮುಂದಕ್ಕೆ ಬಾಗುತ್ತೇನೆ. ಮುಂದಕ್ಕೆ ಬಾಗಿದರೆ ಸೀಮೆಎಣ್ಣೆಯ ಘಾಟು ಕಣ್ಣಿಗೆ ಹೊಡೆಯುತ್ತದೆ, ಮತ್ತೆ ಹಿಂದಕ್ಕೆ ವಾಲುತ್ತೇನೆ. ಹೀಗೆ ತೂಗುತ್ತ, ತುಟಿ ಅಲ್ಲಾಡಿಸುತ್ತ ತೊಳೆಯುವ ನನ್ನನ್ನು ನೋಡಿ ಹೊಸ ಗಿರಾಕಿಗಳು ಹಾಡು ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಹಾಡೂ ಇಲ್ಲ, ಗೀಡೂ ಇಲ್ಲ. ಯಜಮಾನರನ್ನು ಬಯ್ಯುತ್ತಿರುತ್ತೇನೆ.

ಬಯ್ಯುವುದಕ್ಕೆ ಕಾರಣವಿದೆ. ನಮ್ಮ ಗ್ಯಾರೇಜಿನಲ್ಲಿ ಪೂರ್ತಿ ಕಾರು ಗೊತ್ತಿರುವುದು ಯಜಮಾನರೊಬ್ಬರಿಗೇ. ಉಳಿದವರಿಗೆಲ್ಲ ಒಂದೊಂದು ತುಂಡು. ಒಬ್ಬನಿಗೆ ಮುಂದಿನ ಚಕ್ರ, ಇನ್ನೊಬ್ಬನಿಗೆ ಹಿಂದಿನ ಚಕ್ರ. ವೆಲ್ಡರ್ ಮಾವನಿಗೆ ಬೆಸುಗೆ, ಪೇಂಟರಿಗೆ ಬಣ್ಣ, ನನಗೆ ತಟ್ಟೆ. ಪಕ್ಕದವನ ಕೆಲಸಕ್ಕೆ ಕೈ ಹಾಕುವಂತಿಲ್ಲ. ಕೈ ಹಾಕುವುದಿರಲಿ, ನಿಂತು ನೋಡುವಂತೆಯೂ ಇಲ್ಲ. ನೋಡಿದರೆ ಯಜಮಾನರ ಗಾಜಿನ ಕೋಣೆಯಿಂದ ದನಿ ಬರುತ್ತದೆ:

“ಏಯ್, ಏನು ಸಿನಿಮಾ ನಡೀತಿದ್ಯಾ ಅಲ್ಲಿ?”

ಯಜಮಾನರೂ ಒಂದು ಕಾಲದಲ್ಲಿ ಇನ್ನೊಬ್ಬರ ಗ್ಯಾರೇಜಿನಲ್ಲಿ ಪಾನಾ ಹಿಡಿದವರೇ. ಅಲ್ಲಿ ಎಲ್ಲವನ್ನೂ ಕಲಿತು, ಅದೇ ಬೀದಿಯಲ್ಲಿ ತಮ್ಮ ಬೋರ್ಡು ಹಾಕಿದವರು. ಹಾಗಾಗಿ ಪೂರ್ತಿ ಕಲಿತವನು ಏನು ಮಾಡುತ್ತಾನೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ನಮ್ಮಲ್ಲಿ ಯಾರೂ ಪೂರ್ತಿ ಕಲಿಯದಂತೆ ನೋಡಿಕೊಂಡರೆ ಸಾಕು, ಯಾರೂ ಎಲ್ಲಿಗೂ ಹೋಗುವುದಿಲ್ಲ. ಮುಂದಿನ ಚಕ್ರ ಮಾತ್ರ ಗೊತ್ತಿರುವವನನ್ನು ಬೇರೆ ಯಾವ ಗ್ಯಾರೇಜಿನವನು ಇಟ್ಟುಕೊಳ್ಳುತ್ತಾನೆ? “ಉಳಿದರ್ಧ ಕಾರನ್ನ ಯಾರು, ನಿಮ್ಮಪ್ಪ ನೋಡ್ತಾನಾ?” ಅಂತ ಕೇಳಿ ಕಳಿಸುತ್ತಾನೆ. ಹಿಂದಿನ ಚಕ್ರದಣ್ಣನ ಗತಿ ನಾವೇ ಕಣ್ಣಾರೆ ಕಂಡೆವು. ಅವನು ಎಂಜಿನ್ ಕೆಲಸ ಕಲಿಸಿ ಅಂತ ಬಾಯಿಬಿಟ್ಟು ಕೇಳಿದ. ಯಜಮಾನರು ಆ ವಾರವೇ ಮನೆಗೆ ಕಳಿಸಿದರು. ಈಗ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದಾನೆ. ಅಷ್ಟು ಚೆಂದದ ಕೈ, ಮೂಟೆ ಹೊರುತ್ತಿದೆ. ಇದನ್ನು ನೆನೆದಾಗ ನನ್ನ ಹಾಡು ಜೋರಾಗುತ್ತದೆ.

ಮುಂದಿನ ಚಕ್ರದವನು ನನ್ನ ತಮ್ಮ. ಒಂದು ಗಳಿಗೆಯೂ ಬಾಯಿ ಸುಮ್ಮನಿರದ ಕಾರಣ ಎಲ್ಲರೂ ಅವನನ್ನು ಮೌನಿ ಅಂತ ಕರೆಯುತ್ತಾರೆ. ನಟ್ಟು ಬಿಚ್ಚುವಾಗ ನಟ್ಟಿನ ಜೊತೆ ಮಾತು, ಯಾರೂ ಇಲ್ಲದಿದ್ದರೆ ಜಾಕಿನ ಜೊತೆ ಮಾತು. ಅವನಿಗೆ ಮೊನ್ನೆ ಮೊನ್ನೆ ಮದುವೆಯಾಯಿತು. ಮನೆಯಲ್ಲಿರುವುದು ಒಂದೇ ಕೋಣೆ. ಹೊಸ ಜೋಡಿಗೆ ಕೋಣೆ ಬಿಟ್ಟುಕೊಟ್ಟು ನಾನು ಅಡುಗೆಮನೆಗೆ ಬಂದಿದ್ದೇನೆ. ರಾತ್ರಿ ಕಾಲು ಚಾಚಿದರೆ ಪಾತ್ರೆ ಬೀಳುತ್ತದೆ. ಪಾತ್ರೆ ಬಿದ್ದರೆ ನಾದಿನಿ ಹೆದರಿ ಕೂಗುತ್ತಾಳೆ. ಅವಳು ಕೂಗಿದರೆ ಇವನು ಎದ್ದು ಮಾತು ಶುರು ಮಾಡುತ್ತಾನೆ. ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ ನೋಡಿ, ಮುಂದಿನ ತಿಂಗಳಿಂದ ಬರುತ್ತೇವೆ ಅಂತ ಮಾತು ಕೊಟ್ಟಿದ್ದೆವು. ಮೌನಿಯ ಕೆಲಸ ಇದ್ದರೆ ಆ ಮನೆ. ಕೆಲಸ ಹೋದರೆ ಆ ಮನೆಯೂ ಇಲ್ಲ, ಈಗಿರುವ ಕೋಣೆಯೂ ಅನುಮಾನ.

ಅಂಥ ದಿನಗಳಲ್ಲಿ ಒಂದು ಮಧ್ಯಾಹ್ನ ಡ್ರೈವರಕ್ಕ ಬಂದಳು.

ಡ್ರೈವರಕ್ಕ ಅಂದರೆ ಮಕ್ಕಳನ್ನು ಶಾಲೆಗೆ ಬಿಟ್ಟು, ಸಂಜೆ ಮತ್ತೆ ಮನೆಮನೆಗೆ ತಲುಪಿಸುವವಳು. ಹಳೆಯ ಕಾರು, ಆದರೆ ಮನೆಯ ಮಗುವಿನ ಹಾಗೆ ನೋಡಿಕೊಂಡಿದ್ದಾಳೆ. ಹಿಂದಿನ ಸೀಟಿನ ಮೇಲೆ ಮಾತ್ರ ಅವಳ ಆಟ ನಡೆಯುವುದಿಲ್ಲ. ಅಲ್ಲಿ ಬಿಸ್ಕತ್ತಿನ ಪುಡಿ, ಮುರಿದ ಪೆನ್ಸಿಲ್ಲು, ಯಾವುದೋ ಮಗುವಿನ ಒಂಟಿ ಕಾಲುಚೀಲ.

“ಸುಟ್ಟ ವಾಸನೆ ಬರ್ತಿದೆ ಕಣಪ್ಪಾ ಮೌನಿ,” ಅಂದಳು. “ಗಾಡಿ ಮುಂದಕ್ಕೇ ಹೋಗಲ್ಲ ಅನ್ನತ್ತೆ. ಯಾರೋ ಹಿಂದಿನಿಂದ ಕಾಲು ಹಿಡಿದು ಜಗ್ಗಿದ ಹಾಗೆ.”

ಮೌನಿ ಹಿಂದಿನ ಎಡಚಕ್ರದ ಮೇಲೆ ನೀರು ಚಿಮುಕಿಸಿದ. ಚುಂಯ್ ಅಂತ ಹಬೆ ಎದ್ದಿತು.

“ಅಕ್ಕಾ, ಇದರ ಮೇಲೆ ಟೀ ಕಾಯಿಸಬಹುದು,” ಅಂದ.

“ಟೀ ಆಮೇಲೆ. ಗಾಡಿ ಎಷ್ಟು ಹೊತ್ತಿಗೆ ಸಿಗುತ್ತೆ ಹೇಳು. ಇವತ್ತು ಸಂಜೆಗೆ ನಿಮ್ಮ ಮಕ್ಕಳನ್ನ ನೀವೇ ಕರ್ಕೊಂಡು ಬನ್ನಿ ಅಂತ ಎಲ್ಲಾ ಮನೆಗೂ ಫೋನ್ ಮಾಡಿ ಬೈಸ್ಕೊಂಡಿದೀನಿ. ನಾಳೆನೂ ಅಂದ್ರೆ ನನ್ನ ಜನ್ಮ ಜಾಲಾಡಿಬಿಡ್ತಾರೆ.”

ಯಜಮಾನರು ಗಾಜಿನ ಕೋಣೆಯಿಂದ ಹೊರಬಂದರು. ಹಿಂದಿನ ಚಕ್ರದಣ್ಣನ ಜಾಗ ಖಾಲಿ. ಹೊಸಬನನ್ನು ಇಟ್ಟುಕೊಂಡಿಲ್ಲ. ಒಂದು ಸಂಬಳ ಉಳಿಯುತ್ತದಲ್ಲ.

“ಮೌನೀ, ನೀನೇ ನೋಡು. ಮುಂದಿನದೂ ಬ್ರೇಕೇ, ಹಿಂದಿನದೂ ಬ್ರೇಕೇ,” ಅಂದರು. ಅಷ್ಟು ಹೇಳಿ ಊಟಕ್ಕೆ ಮನೆಗೆ ಹೊರಟರು. ಅವರ ಊಟ ಅಂದರೆ ಊಟದ ಜೊತೆ ನಿದ್ದೆಯೂ ಸೇರಿದ್ದು.

ಮೌನಿ ಕಾರಿನ ಹಿಂಭಾಗವನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದ. ಬಲಗಡೆಯ ಚಕ್ರ ಕೈಯಿಟ್ಟರೆ ಸಾಕು, ಹಗುರವಾಗಿ ತಿರುಗಿತು. ಎಡಗಡೆಯದು ಮುನಿಸಿಕೊಂಡ ನೆಂಟನ ಹಾಗೆ ಕದಲಲೇ ಇಲ್ಲ.

“ಹ್ಯಾಂಡ್‌ಬ್ರೇಕ್ ಕೇಬಲ್ ಹಿಡ್ಕೊಂಡಿದೆಯೋ ಏನೋ,” ಅಂತ ತನಗೆ ತಾನೇ ಹೇಳಿಕೊಂಡು ಕೇಬಲ್ ಕಳಚಿದ. ಚಕ್ರ ಹಾಗೇ ಬಿಗಿ. “ಹಾಗಾದ್ರೆ ಕೇಬಲಪ್ಪ ನಿರಪರಾಧಿ.” ಆಮೇಲೆ ಬ್ರೇಕ್ ಆಯಿಲ್ ಹೊರಗೆ ಬಿಡುವ ಪುಟ್ಟ ತಿರುಪನ್ನು ಸಡಿಲಿಸಿದ. ಪೈಪಿನೊಳಗೆ ಒತ್ತಡ ಸಿಕ್ಕಿಕೊಂಡಿದ್ದರೆ ಆಯಿಲ್ ಚಿಮ್ಮಿ ಚಕ್ರ ಸಡಿಲವಾಗಬೇಕಿತ್ತು. ಸುಮ್ಮನೆ ಒಂದೆರಡು ತೊಟ್ಟು ಬಂತು. ಚಕ್ರ ಜಗ್ಗಲಿಲ್ಲ. “ಪೈಪಪ್ಪನೂ ನಿರಪರಾಧಿ. ಇನ್ನು ಉಳಿದವನು ನೀನೊಬ್ಬನೇ ಮಗನೇ,” ಅಂತ ಕ್ಯಾಲಿಪರನ್ನು ತಟ್ಟಿದ.

ಕ್ಯಾಲಿಪರ್ ಅಂದರೆ ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆಯನ್ನು ಹಿಡಿಯುವ ಇಕ್ಕಳ ಅಂದುಕೊಳ್ಳಿ. ಬ್ರೇಕು ತುಳಿದಾಗ ಅದರೊಳಗಿನ ಪಿಸ್ಟನ್ ಮುಂದೆ ಬಂದು ಪ್ಯಾಡನ್ನು ಆ ಉಕ್ಕಿನ ತಟ್ಟೆಗೆ ಒತ್ತುತ್ತದೆ. ಕಾಲು ತೆಗೆದ ಮೇಲೆ ಹಿಂದೆ ಸರಿಯಬೇಕು. ಇದು ಬಂದು ಅಲ್ಲೇ ಕೂತುಬಿಟ್ಟಿತ್ತು. ಅದರ ರಬ್ಬರಿನ ಮುಸುಕು ಹರಿದು, ನೀರು ಸೇರಿ, ಮೈಯೆಲ್ಲ ತುಕ್ಕು.

ಮೌನಿ ಅದನ್ನು ಬಿಚ್ಚಿ ನನ್ನ ತಟ್ಟೆಗೆ ತಂದ. ನಾನು ಬ್ರಷ್ಷಿನಿಂದ ತುಕ್ಕು ತಿಕ್ಕಿದೆ. ಪಿಸ್ಟನ್ನಿನ ಮುಖದ ಮೇಲೆ ಎದುರುಬದುರಾಗಿ ಎರಡು ಕಚ್ಚು ಕಂಡವು. ಹಿಂದಿನ ಚಕ್ರದ ಪಿಸ್ಟನ್ನುಗಳಲ್ಲಿ ಈ ಕಚ್ಚು ಇರುವುದನ್ನು, ಮುಂದಿನದರಲ್ಲಿ ಇಲ್ಲದಿರುವುದನ್ನು ನಾನು ಎಷ್ಟೋ ವರ್ಷದಿಂದ ನೋಡುತ್ತ ಬಂದಿದ್ದೇನೆ. ಒಮ್ಮೆ ಯಜಮಾನರನ್ನು ಕೇಳಿದ್ದೆ. “ನಿನಗ್ಯಾಕಮ್ಮ ಅದೆಲ್ಲ, ತೊಳಿ,” ಅಂದಿದ್ದರು.

“ಇದೇನೋ ಕಚ್ಚು?” ಅಂತ ತಮ್ಮನನ್ನು ಕೇಳಿದೆ.

“ಪ್ಯಾಡ್ ಕೂರೋಕಿರ್ಬೇಕು ಬಿಡಕ್ಕ.”

ಅವನಿಗೂ ಗೊತ್ತಿಲ್ಲ. ಗೊತ್ತಿದ್ದವನು ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ.

ಮುಂದಿನ ಚಕ್ರದ ಪಿಸ್ಟನ್ ಹಿಂದೆ ಸರಿಯದಿದ್ದರೆ ಕ್ಲಾಂಪು ಹಾಕಿ ಒತ್ತಬೇಕು. ಮೌನಿ ಹುಟ್ಟಿದಾಗಿನಿಂದ ಮಾಡಿದ್ದು ಅದನ್ನೇ. ಇಲ್ಲೂ ಕ್ಲಾಂಪು ಹಾಕಿದ. ಒತ್ತಿದ. ಬರಲಿಲ್ಲ. ಹಿಡಿಗೆ ಪೈಪು ಸಿಕ್ಕಿಸಿ ಕಾಲು ಊರಿ ಒತ್ತಿದ. ಕುತ್ತಿಗೆಯ ನರ ಉಬ್ಬಿತು, ಅಪರೂಪಕ್ಕೆ ಬಾಯಿ ಕೂಡ ಮುಚ್ಚಿತು. ಒಳಗಿನಿಂದ ಕಟಕ್ ಅಂತ ಸದ್ದು ಬಂತು, ಪಿಸ್ಟನ್ ಒಳಗೆ ಹೋಯಿತು.

“ಬಂದ್ಯಾ ದಾರಿಗೆ!” ಅಂದ.

ಎಲ್ಲ ಜೋಡಿಸಿದ. ಚಕ್ರ ತಿರುಗಿಸಿದರೆ ಬುಗುರಿಯ ಹಾಗೆ ತಿರುಗಿತು. ವೆಲ್ಡರ್ ಮಾವ ಮುಖದ ಕವಚ ಎತ್ತಿ, “ಶಹಬ್ಬಾಸ್,” ಅಂದ. ನಾನು ಕೈ ಒರೆಸಿಕೊಂಡು ಟೀ ತರಿಸಬೇಕು ಅಂತ ಎದ್ದೆ.

ನಮ್ಮಲ್ಲಿ ಒಂದು ಕಟ್ಟಳೆ ಇದೆ. ಬ್ರೇಕಿಗೆ ಕೊನೆಯ ಪಾನಾ ಹಾಕಿದವನೇ ಆ ಗಾಡಿಯನ್ನು ಗ್ಯಾರೇಜಿನ ಮುಂದಿನ ಏರಿಗೆ ಒಯ್ದು, ನಡುವೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಎತ್ತಿ ತೋರಿಸಬೇಕು. ಗಾಡಿ ನಿಂತರೆ ಕೆಲಸ ಮುಗಿಯಿತು. ಈ ಕಟ್ಟಳೆ ಮಾಡಿದವರು ಯಜಮಾನರೇ. ಏನಾದರೂ ಆದರೆ ಕೆಲಸ ಮಾಡಿದವನ ಮೂಳೆ ಮುರಿಯಲಿ, ತಮ್ಮದಲ್ಲ ಅಂತ.

ಏರಿಗೆ ಹೋಗುವ ಮೊದಲು ಮೌನಿ ನಿಂತಲ್ಲೇ ಹ್ಯಾಂಡ್‌ಬ್ರೇಕ್ ಎಳೆದ. ಹಿಡಿ ಸರ್ರನೆ ಮೇಲಕ್ಕೆ ಬಂತು. ಎಡಚಕ್ರ ತಿರುಗಿಸಿದರೆ ಬುಗುರಿಯ ಹಾಗೇ ತಿರುಗುತ್ತಿತ್ತು. ಮತ್ತೆ ಎಳೆದ. ಅದೇ ಕಥೆ. ಅವನ ಮುಖ ಬಿಳಿಚಿಕೊಂಡಿತು.

ಅಷ್ಟರಲ್ಲಿ ಯಜಮಾನರು ನಿದ್ದೆ ಮುಗಿಸಿ ಬಂದರು. ತಮ್ಮ ಹೊಸ ಕಾರನ್ನು ಎಂದಿನಂತೆ ಏರಿನ ಬುಡದಲ್ಲಿ ನಿಲ್ಲಿಸಿ, ಒಮ್ಮೆ ಕರ್ಚೀಫಿನಿಂದ ಒರೆಸಿ ಒಳಗೆ ಬಂದರು. ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು ನೋಡಿದರು. ಅವರಿಗೆ ಒಂದು ನೋಟ ಸಾಕಾಯಿತು.

“ಕ್ಲಾಂಪ್ ಹಾಕಿ ಒತ್ತಿದ್ಯಾ?”

“ಹೂಂ.”

“ಅಯ್ಯೋ ಮಂಕೇ! ಹಿಂದಿನದನ್ನ ಒತ್ತಬಾರದು ಕಣೋ, ತಿರುಗಿಸಬೇಕು. ಹ್ಯಾಂಡ್‌ಬ್ರೇಕಿನ ಸ್ಕ್ರೂ ಇರೋದೇ ಆ ಪಿಸ್ಟನ್ನಿನ ಹೊಟ್ಟೇಲಿ. ನೀನು ಅದರ ಕರುಳು ಕಿತ್ತಿದೀಯ.”

“ಯಾರು ಹೇಳಿಕೊಟ್ಟಿದ್ರು ನನಗೆ?”

“ಗೊತ್ತಿಲ್ಲ ಅಂದ್ರೆ ಕೇಳ್ಬೇಕಿತ್ತು.”

“ಕೇಳಿದ್ರೆ ಸಿನಿಮಾ ನಡೀತಿದ್ಯಾ ಅಂತೀರಿ. ಕೇಳಿದ ಅಣ್ಣ ಎಲ್ಲಿದಾನೆ ಈಗ?”

ಯಜಮಾನರು ಸುತ್ತ ನೋಡಿ ದನಿ ತಗ್ಗಿಸಿದರು. ಡ್ರೈವರಕ್ಕ ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದಳು. ನಾನು ಒಳಗೇ ಟೈರಿನ ಮೇಲಿದ್ದೆ. ನನ್ನೆದುರು ಅವರು ಯಾವತ್ತೂ ದನಿ ತಗ್ಗಿಸುವುದಿಲ್ಲ. ತಟ್ಟೆಗೆ ಕಿವಿ ಇದೆಯೇ?

“ಕೇಬಲ್ ಕೊನೇವರೆಗೂ ಬಿಗಿ ಮಾಡು. ಹಿಡಿ ಎಳೆದ್ರೆ ಕೈಗೆ ಗಟ್ಟಿಯಾಗಿ ಸಿಗುತ್ತೆ.”

“ಕೈಗೆ ಸಿಗುತ್ತೆ. ಚಕ್ರಕ್ಕೆ?”

“ಬಲಗಡೇದು ಹಿಡಿಯುತ್ತಲ್ಲ. ಸಮ ಜಾಗದಲ್ಲಿ ನಿಲ್ಲುತ್ತೆ.”

“ಆಯಮ್ಮ ಓಡಾಡೋದು ಗುಡ್ಡದ ಬೀದೀಲಿ ಯಜಮಾನ್ರೇ. ಒಂದೊಂದು ಮನೆ ಮುಂದೂ ಹ್ಯಾಂಡ್‌ಬ್ರೇಕ್ ಎಳೆದು ಇಳೀತಾಳೆ. ಒಂದು ಮಗೂನ ಕೈ ಹಿಡಿದು ಬಾಗಿಲಿಗೆ ಬಿಡೋವಾಗ ಮಿಕ್ಕ ಮಕ್ಕಳು ಗಾಡೀಲೇ ಇರ್ತಾವೆ.”

“ಅದು ಅವಳ ಹಣೆಬರಹ. ಹೊಸ ಕ್ಯಾಲಿಪರಿನ ದುಡ್ಡು ಯಾರ ಗಂಟಿಂದ ಕೀಳಲಿ? ನೀನು ಹಾಳು ಮಾಡಿದ್ದಕ್ಕೆ ನಾನು ಕೊಡ್ಬೇಕಾ? ಸಂಜೆಯೊಳಗೆ ಗಾಡಿ ಹೋಗ್ಬೇಕು. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ. ಅಷ್ಟೇ.”

ಮೌನಿ ನನ್ನ ಕಡೆ ನೋಡಿದ. ಹಿಂದಿನ ಓಣಿಯ ಎರಡು ಕೋಣೆಯ ಮನೆ ಅವನ ಕಣ್ಣಿನಲ್ಲೂ ಇತ್ತು, ನನ್ನ ಕಣ್ಣಿನಲ್ಲೂ ಇತ್ತು. ಆದರೂ ತಲೆ ಅಡ್ಡಡ್ಡ ಆಡಿಸಿದೆ. ಬೇಡ.

ಅವನು ಪಾನಾವನ್ನು ನೆಲದ ಮೇಲಿಟ್ಟ.

“ನನ್ನ ಕೈಲಿ ಆಗಲ್ಲ ಯಜಮಾನ್ರೇ.”

“ನಿನ್ನ ಕೈಲಿ ಏನು ತಾನೇ ಆಗುತ್ತೆ,” ಅಂದು ಯಜಮಾನರು ಅಂಗಿಯ ತೋಳು ಮಡಚಿದರು. ತಾವೇ ಕಾರಿನಡಿ ತೂರಿದರು. ಸುಳ್ಳು ಹೇಳಬಾರದು, ಆ ಕೈ ನೋಡುವ ಹಾಗಿತ್ತು. ಎಲ್ಲಿ ಮುಟ್ಟಬೇಕೋ ಅಲ್ಲೇ ಮುಟ್ಟುತ್ತಿತ್ತು. ಎಷ್ಟು ಚೆಂದದ ಕೆಲಸವನ್ನು ಎಂಥ ಕೆಟ್ಟ ಉದ್ದೇಶಕ್ಕೆ ಮಾಡುತ್ತಿದ್ದಾರಲ್ಲ ಅಂತ ನನಗೆ ಉರಿದುಹೋಯಿತು. ಕೇಬಲ್ ಬಿಗಿದು, ಚಕ್ರ ಹಾಕಿ, ಕಾರನ್ನು ಕೆಳಗಿಳಿಸಿ ಡ್ರೈವರಕ್ಕನನ್ನು ಕರೆದರು.

“ಬನ್ನಿ ಅಮ್ಮಾ, ಎಳೆದು ನೋಡಿ.”

ಅವಳು ಒಳಗೆ ಕೈ ತೂರಿಸಿ ಹಿಡಿ ಎಳೆದಳು. “ಅಬ್ಬಾ! ಕಲ್ಲಿನ ಹಾಗಿದೆ.”

“ನನ್ನ ಕೈ ಅಂದ್ರೆ ಏನಂದ್ಕೊಂಡ್ರಿ? ನೂರಕ್ಕೆ ನೂರು. ಕಣ್ಮುಚ್ಚಿಕೊಂಡು ಓಡಿಸಿ.”

ಅವಳು ಪರ್ಸಿಗೆ ಕೈ ಹಾಕಿದಳು. ನಾನು ಟೈರಿನಿಂದ ಎದ್ದೆ. ಎದ್ದದ್ದು ಕಾಲೋ ಹೊಟ್ಟೆಯೊಳಗಿನ ಸಿಟ್ಟೋ ಗೊತ್ತಿಲ್ಲ.

“ಡ್ರೈವರಕ್ಕಾ, ಅದು ಹಿಡಿಯಲ್ಲ.”

ವೆಲ್ಡರ್ ಮಾವನ ಕಿಡಿ ನಿಂತಿತು.

“ಏಯ್, ಸಾಮಾನು ತೊಳೆಯೋಳಿಗೆ ಏನು ಗೊತ್ತು? ಕೂತ್ಕೋ,” ಅಂದರು ಯಜಮಾನರು.

“ನನಗೆ ಬ್ರೇಕ್ ಗೊತ್ತಿಲ್ಲ, ಹೌದು. ಆದ್ರೆ ನಿಮ್ಮ ಕಟ್ಟಳೆ ಗೊತ್ತು. ಕೊನೇ ಪಾನಾ ಹಾಕಿದವರು ಏರಿಗೆ ಒಯ್ದು ನಿಲ್ಲಿಸಬೇಕು. ಇದಕ್ಕೆ ಕೊನೇ ಪಾನಾ ಹಾಕಿದ್ದು ಯಾರು?”

ಪೇಂಟರ್ ಮೂಗಿಗೆ ಕಟ್ಟಿಕೊಂಡ ಬಟ್ಟೆ ಇಳಿಸಿದ. ಅವನ ಮೂಗೊಂದು ಬಿಟ್ಟು ಮುಖವೆಲ್ಲ ನೀಲಿ. “ಹೌದಲ್ವಾ. ನಾವೆಲ್ಲ ನೋಡಿದ್ವಿ. ಯಜಮಾನ್ರೇ ಹಾಕಿದ್ದು.”

“ಕಟ್ಟಳೆ ಅಂದ ಮೇಲೆ ಕಟ್ಟಳೆ,” ಅಂದ ವೆಲ್ಡರ್ ಮಾವ. ಅವನು ಮಾತಾಡುವುದೇ ಅಪರೂಪ.

ಡ್ರೈವರಕ್ಕ ಪರ್ಸಿನಿಂದ ಬರಿಗೈ ತೆಗೆದಳು. “ನಿಲ್ಲಿಸಿ ತೋರಿಸಿಬಿಡಿ ಸಾರ್. ನೂರಕ್ಕೆ ನೂರು ಅಂದ್ರಲ್ಲ.”

ಯಜಮಾನರಿಗೆ ರೋಷ ಬಂತು. ಒಂದು ಕಾಲದ ಮೆಕ್ಯಾನಿಕ್ಕು, ಎಷ್ಟೆಂದರೂ. ಬಾಗಿಲು ಎಳೆದುಕೊಂಡು ಕೂತು, ಗಾಡಿ ಶುರು ಮಾಡಿ ಏರು ಹತ್ತಿಸಿದರು. ನಾವೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ಹಿಂದೆ ಹೋದೆವು. ನಡು ಏರಿನಲ್ಲಿ ಗಾಡಿ ನಿಂತಿತು, ಮೂತಿ ಮೇಲಕ್ಕೆ, ಬೆನ್ನು ನಮ್ಮ ಕಡೆ. ಹ್ಯಾಂಡ್‌ಬ್ರೇಕ್ ಎಳೆದ ಸದ್ದು ಕೇಳಿಸಿತು. ಆದರೆ ಬ್ರೇಕಿನ ಕೆಂಪು ದೀಪ ಆರಲಿಲ್ಲ. ಕಾಲು ಎತ್ತಿಲ್ಲ ಅಂತ ಅರ್ಥ.

“ಕಾಲು ಎತ್ತಿ ಯಜಮಾನ್ರೇ!” ಅಂತ ಮೌನಿ ಕೂಗಿದ.

ದೀಪ ಆರಲಿಲ್ಲ. ಕನ್ನಡಿಯಲ್ಲಿ ಅವರ ಕಣ್ಣು ಕಾಣುತ್ತಿತ್ತು. ಆ ಕಣ್ಣು ನಮ್ಮನ್ನು ನೋಡುತ್ತಿರಲಿಲ್ಲ. ನಮ್ಮನ್ನು ದಾಟಿ, ಏರಿನ ಬುಡದಲ್ಲಿ ಬಿಸಿಲಿಗೆ ಮಿರಿಮಿರಿ ಮಿಂಚುತ್ತಿದ್ದ ತಮ್ಮ ಕಾರನ್ನು ನೋಡುತ್ತಿತ್ತು. ಕಿಟಕಿಯ ಗಾಜು ಇಳಿಯಿತು. ತಲೆ ಹೊರಬಂತು.

“ಯಾರಾದ್ರೂ ಹೋಗಿ ನನ್ನ ಕಾರನ್ನ ಸ್ವಲ್ಪ ಪಕ್ಕಕ್ಕೆ ತೆಗೀರೋ!”

ಒಂದು ಗಳಿಗೆ ಯಾರಿಗೂ ಹೊಳೆಯಲಿಲ್ಲ. ಮೊದಲು ಪೇಂಟರ್ ಕಿಸಕ್ ಅಂದ. ಆಮೇಲೆ ವೆಲ್ಡರ್ ಮಾವ. ಆಮೇಲೆ ನಮ್ಮ ನಗು ಹಿಡಿಯುವವರೇ ಇಲ್ಲ. ನನಗೆ ಸೀಮೆಎಣ್ಣೆಯಿಲ್ಲದೆ ಕಣ್ಣಲ್ಲಿ ನೀರು ಬಂದದ್ದು ಎಷ್ಟೋ ಕಾಲದ ಮೇಲೆ.

ಡ್ರೈವರಕ್ಕ ಮಾತ್ರ ನಗಲಿಲ್ಲ. ಏರು ಹತ್ತಿ ಕಿಟಕಿಯ ಹತ್ತಿರ ಹೋದಳು.

“ಮಕ್ಕಳನ್ನ ಕೂರಿಸೋಕೆ ನೂರಕ್ಕೆ ನೂರು. ನಿಮ್ಮ ಕಾರಿನ ಮುಂದೆ ನಿಲ್ಲೋಕೆ ಆಗಲ್ವಾ ಸಾರ್?”

ಯಜಮಾನರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಬ್ರೇಕಿನಿಂದ ಕಾಲು ತೆಗೆಯದೆ, ಮೆಲ್ಲಗೆ, ಇಂಚಿಂಚಾಗಿ ಗಾಡಿಯನ್ನು ಹಿಂದಕ್ಕೆ ಬಿಟ್ಟುಕೊಂಡು ಗ್ಯಾರೇಜಿಗೆ ತಂದರು. ಇಳಿದವರೇ ಯಾರ ಮುಖವನ್ನೂ ನೋಡದೆ ಹೇಳಿದರು:

“ಆಯ್ತು, ಬೇರೆ ಕ್ಯಾಲಿಪರ್ ಹಾಕೋಣ. ಆದ್ರೆ ಈ ಮೌನಿ ನಾಳೆಯಿಂದ ಬೇಡ. ಅವನ ಅಕ್ಕನೂ ಬೇಡ.”

ನಗು ನಿಂತಿತು. ಒಂದೇ ಏಟಿಗೆ ಇಬ್ಬರ ಕೂಳೂ ಹೋಯಿತು.

ವೆಲ್ಡರ್ ಮಾವ ತನ್ನ ಕವಚ ತಂದು ಯಜಮಾನರ ಕಾಲ ಬಳಿ ಇಟ್ಟ. “ಹಾಗಾದ್ರೆ ನಾನೂ ಬೇಡ.”

“ನಿನಗೇನಾಯ್ತೋ?”

“ಅವತ್ತು ಹಿಂದಿನ ಚಕ್ರದವನನ್ನ ಕಳಿಸಿದಾಗ ನಾವು ಸುಮ್ನಿದ್ವಿ. ಇವತ್ತು ಅದೇ ತಾನೇ ಆಗಿದ್ದು? ಅವನಿದ್ದಿದ್ರೆ ಇದು ಮುರೀತಿತ್ತಾ?”

ಪೇಂಟರ್ ಬಣ್ಣದ ಬಂದೂಕು ತಂದು ಕವಚದ ಪಕ್ಕ ಇಟ್ಟ. “ನಾನೂ ಬೇಡ. ನನಗೆ ಬಣ್ಣ ಬಿಟ್ರೆ ಏನೂ ಬರಲ್ಲ, ಬೇರೆ ಕಡೆ ಯಾರೂ ಕರೆಯಲ್ಲ. ಆದ್ರೂ ಬೇಡ.”

ನನ್ನ ಬ್ರಷ್ಷನ್ನೂ ಅಲ್ಲೇ ಇಟ್ಟೆ. ಡ್ರೈವರಕ್ಕ ತನ್ನ ಕಾರಿನ ಬಾಗಿಲು ತೆರೆದು, ಕಾಲು ಹೊರಗೆ ಚಾಚಿ ಕೂತಳು. “ನನ್ನ ಗಾಡಿಗೆ ಮೌನಿಯೇ ಬ್ರೇಕ್ ಹಾಕ್ಬೇಕು. ಅಲ್ಲೀವರೆಗೆ ನಾನು ಹೋಗಲ್ಲ. ನನಗೂ ಮನೇಲಿ ಅಂಥ ಕೆಲಸವೇನಿಲ್ಲ.”

ಯಜಮಾನರು ಗ್ಯಾರೇಜಿನ ಉದ್ದಕ್ಕೂ ಕಣ್ಣು ಹಾಯಿಸಿದರು. ಒಂದು ಕಾರಿಗೆ ಮುಂದಿನ ಚಕ್ರವಿಲ್ಲ. ಒಂದಕ್ಕೆ ಬಾಗಿಲಿಲ್ಲ. ಇನ್ನೊಂದು ಅರ್ಧ ನೀಲಿ, ಅರ್ಧ ಬೋಳು. ಯಾವುದೂ ತನ್ನ ಕಾಲ ಮೇಲೆ ಹೊರಗೆ ಹೋಗುವಂತಿರಲಿಲ್ಲ. ಅವರಿಗೆ ಪೂರ್ತಿ ಕಾರು ಗೊತ್ತಿತ್ತು, ನಿಜ. ಆದರೆ ಇದ್ದದ್ದು ಎರಡೇ ಕೈ. ಅಷ್ಟೂ ಗಿರಾಕಿಗಳು ನಾಳೆ ಬೆಳಿಗ್ಗೆ ಬಾಗಿಲಿಗೆ ಬಂದು ನಿಲ್ಲುವುದನ್ನು ಅವರ ಮುಖದ ಮೇಲೆಯೇ ನೋಡಬಹುದಿತ್ತು.

ಆಮೇಲೆ ನೆಲಕ್ಕೆ ಹೇಳಿದರು: “ಮೌನೀ, ಚಕ್ರ ಬಿಚ್ಚು.”

“ಬಿಚ್ತೀನಿ. ಆದ್ರೆ ತಿರುಗಿಸೋದು ನೀವು ತೋರಿಸಿ. ನನಗೊಬ್ಬನಿಗೇ ಅಲ್ಲ, ಎಲ್ಲರಿಗೂ.”

“ಎಲ್ಲರಿಗೂ ಯಾಕೆ?”

“ಒಬ್ಬನಿಗೆ ಹೇಳಿಕೊಟ್ಟು ಆಮೇಲೆ ಅವನನ್ನ ಕಳಿಸಿಬಿಟ್ರೆ?” ಅಂದೆ ನಾನು. “ಎಲ್ಲರನ್ನೂ ಕಳಿಸೋಕಾಗಲ್ಲ ಅನ್ನೋದು ಈಗ ತಾನೇ ಗೊತ್ತಾಯ್ತಲ್ಲ.”

ಯಜಮಾನರು ಗಾಜಿನ ಕೋಣೆಯ ಮೇಜಿನ ಡ್ರಾಯರಿನಿಂದ ಒಂದು ಸಾಮಾನು ತಂದರು. ಉದ್ದನೆಯ ತಿರುಪು, ತುದಿಯಲ್ಲಿ ಒಂದು ಬಿಲ್ಲೆ, ಬಿಲ್ಲೆಯ ಮೇಲೆ ಎದುರುಬದುರು ಎರಡು ಮೊಳೆ. ಹಿಂದಿನ ಕೋಣೆಯಿಂದ ಒಳ್ಳೆಯ ಕ್ಯಾಲಿಪರೂ ಬಂತು. ಅದರ ಪಿಸ್ಟನ್ ಅರ್ಧ ಹೊರಗಿತ್ತು. ಪ್ಯಾಡಿಗೆ ಜಾಗ ಆಗಬೇಕಾದರೆ ಒಳಗೆ ಕಳಿಸಬೇಕು. ನಾವೆಲ್ಲ ಸುತ್ತ ಕೂತೆವು. ಪೇಂಟರ್ ನನ್ನ ಹೆಗಲ ಮೇಲಿನಿಂದ ಇಣುಕಿದ. ಡ್ರೈವರಕ್ಕನೂ ಬಂದು ಕೂತಳು.

“ಮೊಳೆ ಕಚ್ಚಿನಲ್ಲಿ ಕೂರಬೇಕು,” ಅಂದರು ಯಜಮಾನರು. ಮೊದಲು ಮಾತು ಹಲ್ಲು ಕಿತ್ತ ಹಾಗೆ ಬರುತ್ತಿತ್ತು. “ಸ್ವಲ್ಪ ಒತ್ತಿ ಹಿಡೀಬೇಕು. ಬಲಕ್ಕೆ ತಿರುಗಿಸಬೇಕು. ಬಲವಂತ ಮಾಡಬಾರದು. ಕೆಲವು ಗಾಡೀಲಿ ಎಡಕ್ಕೆ ಇರುತ್ತೆ, ಮೊದಲು ನೋಡ್ಕೋಬೇಕು.” ಹೇಳುತ್ತ ಹೇಳುತ್ತ ದನಿ ಬದಲಾಯಿತು. ಅವರಿಗೇ ಗೊತ್ತಿಲ್ಲದೆ ಹೇಳಿಕೊಡುವ ಹುಮ್ಮಸ್ಸು ಬಂದುಬಿಟ್ಟಿತ್ತು. “ನೋಡಿ, ಹೆಂಗೆ ಬೆಣ್ಣೆ ಹಾಗೆ ಹೋಗುತ್ತೆ.”

ಮೌನಿ ತಿರುಗಿಸಿದ. ವೆಲ್ಡರ್ ಮಾವ ತಿರುಗಿಸಿದ. ಆಮೇಲೆ ಹಿಡಿ ನನ್ನ ಕೈಗೆ ಬಂತು. ಇಷ್ಟು ವರ್ಷ ಹೊರಗಿನಿಂದ ತೊಳೆದ ಪಿಸ್ಟನ್ ನನ್ನ ಕೈಯಡಿ ಮೆಲ್ಲಗೆ ಸುತ್ತುತ್ತ ಒಳಗೆ ಹೋಯಿತು. ಎರಡು ಕಚ್ಚು ಯಾಕಿವೆ ಅನ್ನುವುದು ತಿಳಿಯಲು ಒಂದು ಗ್ಯಾರೇಜೇ ಎದ್ದು ನಿಲ್ಲಬೇಕಾಯಿತು ನೋಡಿ.

ಪೈಪು ಜೋಡಿಸಿ, ಒಳಗಿನ ಗಾಳಿ ತೆಗೆದು, ಚಕ್ರ ಹಾಕಿ ಮುಗಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಕೊನೆಯ ಪಾನಾ ಮೌನಿಯದು. ಅವನು ಸ್ಟೇರಿಂಗಿನ ಮುಂದೆ ಕೂತ. ಡ್ರೈವರಕ್ಕ ಹಿಂದಿನ ಬಾಗಿಲು ತೆರೆದು ಹಿಡಿದಳು.

“ಕೂತ್ಕೊಳ್ಳಿ ಸಾರ್. ಮಕ್ಕಳು ಕೂರೋ ಜಾಗ.”

ಯಜಮಾನರು ನಮ್ಮನ್ನೆಲ್ಲ ಒಮ್ಮೆ ನೋಡಿದರು. ನಾವು ಯಾರೂ ಜಾಗ ಬಿಡಲಿಲ್ಲ. ಬಿಸ್ಕತ್ತಿನ ಪುಡಿ ಕೊಡವಿ ಕೂತರು.

“ನನ್ನ ಕಾರು...” ಅಂದರು.

“ಅಲ್ಲೇ ಇರಲಿ ಬಿಡಿ,” ಅಂದ ಪೇಂಟರ್.

ಗಾಡಿ ಏರು ಹತ್ತಿತು. ನಡುವೆ ನಿಂತಿತು. ಕರಕರ ಅಂತ ಹ್ಯಾಂಡ್‌ಬ್ರೇಕ್ ಎಳೆದ ಸದ್ದು. ಯಜಮಾನರು ಮುಂದಿನ ಸೀಟನ್ನು ಎರಡೂ ಕೈಯಿಂದ ತಬ್ಬಿ ಹಿಡಿದು, ಕತ್ತು ಹೊರಳಿಸಿ ಕೆಳಗೆ ನೋಡುತ್ತಿದ್ದರು. ಕೆಂಪು ದೀಪ ಆರಿತು. ಮೌನಿ ಎರಡೂ ಕೈಗಳನ್ನು ಕಿಟಕಿಯಿಂದ ಹೊರಗೆ ಹಾಕಿ ಆಕಾಶಕ್ಕೆ ಎತ್ತಿದ.

ಗಾಡಿ ಅಲ್ಲಾಡಲಿಲ್ಲ.

ನಾವು ಕೂಗಿದ ಕೂಗಿಗೆ ಬೀದಿಯ ಕಿಟಕಿಗಳೆಲ್ಲ ತೆರೆದವು. ಡ್ರೈವರಕ್ಕ ಆಗ ನಕ್ಕಳು. ನಾನು ಏರು ಹತ್ತಿ ಹೋಗಿ ಹಿಂದಿನ ಬಾಗಿಲು ತೆರೆದೆ. ಯಜಮಾನರು ಹಣೆ ಒರೆಸಿಕೊಳ್ಳುತ್ತ ಕಾಲು ಹೊರಗಿಟ್ಟರು.

“ಮುಗೀತಲ್ಲ, ಸಮಾಧಾನ ಆಯ್ತಾ?” ಅಂದರು.

“ಇವತ್ತಿಂದು ಮುಗೀತು ಯಜಮಾನ್ರೇ,” ಅಂದೆ. “ನಾಳೆ ಹಿಂದಿನ ಚಕ್ರದಣ್ಣನ್ನ ಕರ್ಕೊಂಡು ಬರ್ತೀವಿ. ಅವನು ಎಂಜಿನ್ ಕೇಳಿದ್ನಲ್ಲ, ಅಲ್ಲಿಂದ ಶುರು ಮಾಡಿ.”